ಮರಳಿ ಬರೆಯಲು ಕುಳಿತವಳು

ನಮ್ಮ ಶಾಲೆಯ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತರಾದಾಗ ಬೀಳ್ಕೊಡುಗೆ ಸಮಾರಂಭ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಎರಡು ಮಾತನಾಡುವ ಸರದಿ ನನ್ನದಾಯಿತು. ಮದುವೆಗೆ ಮುಂಚೆ ಅವರು ಚೆನ್ನಾಗಿ ವೀಣೆ ನುಡಿಸುತ್ತಿದ್ದರೆಂದು ನನಗೆ ಗೊತ್ತಿತ್ತು. "ಸಂಸಾರ, ನೌಕರಿ ಇವೆರಡರ ನಡುವೆ ಮೂವತ್ತು ವರ್ಷ ಮೂಲೆ ಸೇರಿದ್ದ ವೀಣೆಯನ್ನು ಇನ್ನಾದರೂ ಅವರು ಕೈಗೆತ್ತಿಕೊಳ್ಳಲಿ, ಬಿಟ್ಟಲ್ಲಿಂದ ಮುಂದುವರಿಸಲಿ" ಎಂದು ಹಾರೈಸಿದೆ. ಚಪ್ಪಾಳೆಯೂ ಬಿತ್ತು. ಆಮೇಲೆ ಕೇಸರಿಬಾತಿನ ತಟ್ಟೆ ಹಿಡಿದು ನನ್ನ ಪಕ್ಕದಲ್ಲಿ ಬಂದು ಕುಳಿತ ಅವರು ಮೆಲ್ಲಗೆ ಕೇಳಿದರು: "ನಾವು ಬಿಟ್ಟ ಜಾಗದಲ್ಲೇ ಅದು ಕಾದುಕೊಂಡು ಕೂತಿರುತ್ತೇನ್ರೀ?"

ನನಗೆ ಉತ್ತರ ಹೊಳೆಯಲಿಲ್ಲ. ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಅದಕ್ಕೆ ಉತ್ತರವೆನ್ನಬಹುದಾದದ್ದು ನನಗೆ ಸಿಕ್ಕಿದ್ದು ಅಮೆರಿಕದ ಲೇಖಕಿ ಟಿಲ್ಲಿ ಓಲ್ಸನ್ ಅವರ ಬರವಣಿಗೆಯಲ್ಲಿ. ಎಂ.ಎ. ಓದುತ್ತಿದ್ದ ಮಗಳ ಪಠ್ಯಪುಸ್ತಕದಲ್ಲಿ ಅವರ ಒಂದು ಸಣ್ಣಕತೆ ಇತ್ತು. ಬಿ.ಎ. ಮುಗಿಸಿ ಎಷ್ಟೋ ವರ್ಷವಾಗಿದ್ದ ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಅದನ್ನು ಓದಿದೆ. ಅಲ್ಲಿಂದ ಅವರ ಉಳಿದ ಪುಸ್ತಕಗಳಿಗೆ ಹೋದೆ. ಉಳಿದ ಪುಸ್ತಕಗಳೆಂದರೆ ಬಹಳವೇನೂ ಇಲ್ಲ. ತೊಂಬತ್ತು ದಾಟಿ ಬದುಕಿದ ಈಕೆಯ ಕತೆ, ಕಾದಂಬರಿ, ಪ್ರಬಂಧಗಳೆಲ್ಲ ಸೇರಿದರೂ ನಮ್ಮ ಮನೆಯ ಗೋಡೆಗೂಡಿನ ಒಂದು ಮೂಲೆಯನ್ನೂ ತುಂಬುವುದಿಲ್ಲ. ಹಾಗೇಕೆ ಎಂಬುದೇ ನಾನಿಲ್ಲಿ ಹೇಳಬೇಕೆಂದಿರುವ ವಿಷಯ.

ಟಿಲ್ಲಿ ಲರ್ನರ್ ಹುಟ್ಟಿದ್ದು 1912ರಲ್ಲಿ, ಅಮೆರಿಕದ ನೆಬ್ರಾಸ್ಕದಲ್ಲಿ. ತಂದೆತಾಯಿ ರಷ್ಯದಿಂದ ವಲಸೆ ಬಂದ ಯಹೂದ್ಯರು, ಸಮಾಜವಾದಿಗಳು. ಮನೆಯಲ್ಲಿ ಬಡತನವಿತ್ತು, ಪುಸ್ತಕದ ಹಸಿವೂ ಇತ್ತು. 1932ರಲ್ಲಿ ಆಕೆ ಒಂದು ಕಾದಂಬರಿ ಬರೆಯತೊಡಗಿದರು. ಅದೇ ವರ್ಷ ಮೊದಲ ಮಗಳೂ ಹುಟ್ಟಿದಳು. 1934ರಲ್ಲಿ ಕಾದಂಬರಿಯ ಒಂದು ಭಾಗ 'ಪಾರ್ಟಿಸನ್ ರಿವ್ಯೂ' ಪತ್ರಿಕೆಯಲ್ಲಿ ಅಚ್ಚಾಯಿತು. ಓದಿದವರು ಮೆಚ್ಚಿದರು, ದೊಡ್ಡ ಪ್ರಕಾಶಕರು ಹುಡುಕಿಕೊಂಡು ಬಂದರು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದ ಕಾರ್ಮಿಕರ ಮುಷ್ಕರದಲ್ಲಿ ಆಕೆ ಜೈಲಿಗೂ ಹೋಗಿ ಬಂದರು. ಮುಂದೆ ಜಾಕ್ ಓಲ್ಸನ್ ಜೊತೆ ಸಂಸಾರ, ಒಟ್ಟು ನಾಲ್ವರು ಹೆಣ್ಣುಮಕ್ಕಳು, ಟೈಪಿಂಗ್ ಮುಂತಾಗಿ ಸಿಕ್ಕಿದ ನೌಕರಿ, ಸಂಘಟನೆಯ ಕೆಲಸ. ಕಾದಂಬರಿ ಅರ್ಧಕ್ಕೇ ನಿಂತಿತು. ನಿಂತದ್ದು ಒಂದೆರಡು ವರ್ಷವಲ್ಲ, ಹೆಚ್ಚುಕಡಿಮೆ ಇಪ್ಪತ್ತು ವರ್ಷ.

ಆಕೆ ಮತ್ತೆ ಬರೆಯಲು ಕುಳಿತದ್ದು 1950ರ ದಶಕದ ನಡುವಿನಲ್ಲಿ, ಕೊನೆಯ ಮಗಳೂ ಶಾಲೆಗೆ ಹೋಗತೊಡಗಿದ ಮೇಲೆ. ವಯಸ್ಸು ನಲವತ್ತು ದಾಟಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಕಾಲೇಜೊಂದರಲ್ಲಿ ಕತೆ ಬರೆಯುವ ತರಗತಿಗೆ ಸೇರಿದರು. 1955ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಫೆಲೋಶಿಪ್ ದೊರೆಯಿತು. ಆ ಕಾಲದ ಬಗ್ಗೆ ಅವರೇ ಬರೆದುಕೊಂಡಿದ್ದಾರೆ: ಬಸ್ಸಿನಲ್ಲಿ ಹೋಗುವಾಗ, ಕೂರಲು ಜಾಗ ಸಿಗದೆ ನಿಂತಿದ್ದಾಗ, ಆಫೀಸಿನಲ್ಲಿ ಕದ್ದ ನಿಮಿಷಗಳಲ್ಲಿ, ಮಕ್ಕಳು ಮಲಗಿ ಮನೆಗೆಲಸ ಮುಗಿದ ನಡುರಾತ್ರಿಯಲ್ಲಿ, ಕೆಲವೊಮ್ಮೆ ಆ ಮನೆಗೆಲಸದ ನಡುವೆಯೇ ಬರವಣಿಗೆ ನಡೆಯುತ್ತಿತ್ತಂತೆ. ಹೀಗೆ ಬಂದ ನಾಲ್ಕು ಕತೆಗಳ ಸಂಕಲನ 'ಟೆಲ್ ಮಿ ಎ ರಿಡಲ್', ಅಂದರೆ 'ಒಂದು ಒಗಟು ಹೇಳು', ಪ್ರಕಟವಾದದ್ದು 1961ರಲ್ಲಿ. ಅದರ ಶೀರ್ಷಿಕೆಯ ಕತೆಗೆ ಆ ವರ್ಷದ ಓ. ಹೆನ್ರಿ ಪ್ರಶಸ್ತಿಯ ಮೊದಲ ಸ್ಥಾನ ಬಂತು. ಆಗ ಅವರಿಗೆ ನಲವತ್ತೊಂಬತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಇದೊಂದು ಸೊಗಸಾದ ಯಶಸ್ಸಿನ ಕತೆ. ಮನಸ್ಸಿದ್ದರೆ ಮಾರ್ಗ, ತಡವಾದರೂ ಹೂವು ಅರಳಿತು, ಹೀಗೆಲ್ಲ ಹೇಳಿ ನಾವೂ ಸಮಾಧಾನಪಟ್ಟುಕೊಳ್ಳಬಹುದು. ಆದರೆ ಕತೆಗಳನ್ನು ಓದಿದರೆ ಆ ಸಮಾಧಾನ ಉಳಿಯುವುದಿಲ್ಲ.

ನಾನು ಮೊದಲು ಓದಿದ ಕತೆಯ ಹೆಸರು 'ಐ ಸ್ಟ್ಯಾಂಡ್ ಹಿಯರ್ ಐಯರ್ನಿಂಗ್'. ಇಲ್ಲಿ ನಿಂತು ಇಸ್ತ್ರಿ ಮಾಡುತ್ತಿದ್ದೇನೆ ಎಂದು ಅರ್ಥ. 1956ರಲ್ಲಿ ಮೊದಲ ಸಲ ಅಚ್ಚಾದಾಗ ಇದಕ್ಕೆ ಬೇರೆ ಹೆಸರಿತ್ತು. ಕತೆಯಲ್ಲಿ ಘಟನೆ ಎನ್ನುವಂಥದ್ದು ಏನೂ ನಡೆಯುವುದಿಲ್ಲ. ಒಬ್ಬ ತಾಯಿ ಬಟ್ಟೆಗೆ ಇಸ್ತ್ರಿ ಹಾಕುತ್ತ ನಿಂತಿದ್ದಾಳೆ. ಮಗಳು ಎಮಿಲಿಗೆ ಹತ್ತೊಂಬತ್ತು ವರ್ಷ. ಆ ಹುಡುಗಿಗೆ ಸಹಾಯ ಬೇಕಾಗಿದೆ, ನೀವು ಬಂದು ಅವಳ ಬಗ್ಗೆ ಮಾತನಾಡಿ ಎಂದು ಯಾರೋ ತಾಯಿಯನ್ನು ಕೇಳಿದ್ದಾರೆ. ಹಾಗೆ ಕೇಳಿದವರಿಗೆ ಅವಳು ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳುತ್ತಾಳೆ. ಎಮಿಲಿ ಹುಟ್ಟಿದಾಗ ತಾಯಿಗೂ ಹತ್ತೊಂಬತ್ತೇ. ದೇಶಕ್ಕೆ ದೇಶವೇ ಕೆಲಸವಿಲ್ಲದೆ ಕಂಗಾಲಾಗಿದ್ದ ಕಾಲ. ಮಗುವಿಗೆ ವರ್ಷ ತುಂಬುವ ಮೊದಲೇ ಗಂಡ ಬಿಟ್ಟುಹೋದ. ಎಂಟು ತಿಂಗಳ ಕೂಸನ್ನು ಕೆಳಗಿನ ಮನೆಯ ಹೆಂಗಸಿನ ಹತ್ತಿರ ಬಿಟ್ಟು ತಾಯಿ ಕೆಲಸಕ್ಕೆ ಹೋದಳು. ಆಮೇಲೆ ಗಂಡನ ಮನೆಯವರಲ್ಲಿಗೆ ಕಳಿಸಿದಳು, ಎರಡು ವರ್ಷಕ್ಕೇ ಶಿಶುವಿಹಾರಕ್ಕೆ ಹಾಕಿದಳು. ಇನ್ನೊಂದು ಮಗು ಹುಟ್ಟಿದ ಮೇಲೆ ಎಮಿಲಿಗೆ ಕಾಯಿಲೆಯಾಗಿ ಅವಳನ್ನು ಆರೈಕೆಯ ಕೇಂದ್ರವೊಂದಕ್ಕೆ ಸೇರಿಸಿದರು. ಅಲ್ಲಿ ಎರಡು ವಾರಕ್ಕೊಂದು ಭಾನುವಾರ ಮಾತ್ರ ಭೇಟಿ. ಮಕ್ಕಳು ಮೇಲೆ ಬಾಲ್ಕನಿಯಲ್ಲಿ, ತಂದೆತಾಯಿ ಕೆಳಗೆ ನಿಂತು ಕೂಗಿ ಮಾತನಾಡಬೇಕು. ಬಂದ ಕಾಗದವನ್ನು ಒಮ್ಮೆ ಓದಿ ಹೇಳಿ ಎಸೆದುಬಿಡುತ್ತಾರೆ.

ಈ ಕತೆಯನ್ನು ನಾನು ತಾಯಿಯಾಗಿ ಓದತೊಡಗಿದ್ದೆ. ಅರ್ಧಕ್ಕೆ ಬಂದಾಗ ತಟ್ಟನೆ ಬೇರೊಂದು ಅರಿವಾಯಿತು. ಈ ಕತೆಯಲ್ಲಿ ನನ್ನ ಜಾಗ ಇಸ್ತ್ರಿ ಮಾಡುವ ತಾಯಿಯದಲ್ಲ, ಬಂದು ಮಾತನಾಡಿ ಎಂದು ಹೇಳಿ ಕಳಿಸಿದವರದು! ಎಷ್ಟು ವರ್ಷಗಳಿಂದ ಮಕ್ಕಳ ಡೈರಿಯಲ್ಲಿ ನಾನೂ ಅಂಥ ಸಾಲುಗಳನ್ನು ಬರೆಯುತ್ತ ಬಂದಿದ್ದೇನೆ. 'ಬುದ್ಧಿ ಇದೆ, ಲಕ್ಷ್ಯವಿಲ್ಲ. ಪೋಷಕರು ಬಂದು ಕಾಣುವುದು.' ಒಮ್ಮೆ ಎಂಟನೆಯ ತರಗತಿಯ ಹುಡುಗಿಯೊಬ್ಬಳ ತಾಯಿ ಹೀಗೆ ಚೀಟಿ ನೋಡಿ ಬಂದಿದ್ದಳು. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಳು, ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ. ಹತ್ತು ನಿಮಿಷ ನಾನೊಬ್ಬಳೇ ಮಾತನಾಡಿದೆ. ಹುಡುಗಿ ಒಳ್ಳೆಯ ಚಿತ್ರ ಬಿಡಿಸುತ್ತಾಳೆ, ಆದರೆ ಹೋಂವರ್ಕ್ ಮಾಡುವುದಿಲ್ಲ, ನೀವು ಸ್ವಲ್ಪ ಗಮನ ಕೊಡಬೇಕು ಎಂದೆ. ಅವಳು, "ಆಯ್ತು ಟೀಚರ್" ಎಂದಷ್ಟೇ ಹೇಳಿ ಕೆಲಸಕ್ಕೆ ಹೊತ್ತಾಯಿತೆಂದು ಹೋದಳು. ಆ ಎರಡು ಪದದ ಹಿಂದೆ ಏನೇನಿತ್ತೋ ನಾನು ಕೇಳಲಿಲ್ಲ. ಓಲ್ಸನ್ ಬರೆದಿರುವುದು ಅದನ್ನೇ. ಬಾಯಿಬಿಟ್ಟು ಹೇಳಲಾಗದ ಆ ಉತ್ತರವನ್ನು.

ಎಮಿಲಿಗೂ ಒಂದು ಪ್ರತಿಭೆಯಿದೆ. ಅವಳು ಅಣಕಿಸಿ ನಗಿಸಬಲ್ಲಳು. ಶಾಲೆಯ ವೇದಿಕೆ ಹತ್ತಿ ಬಹುಮಾನ ಗೆಲ್ಲುತ್ತಾಳೆ. ಮನೆಯಲ್ಲಿ ತುಟಿ ಬಿಚ್ಚದ ಹುಡುಗಿ ಅಲ್ಲಿ ಸಭೆಗೆ ಸಭೆಯನ್ನೇ ನಗಿಸುತ್ತಾಳೆ. ಇಂಥ ಪ್ರತಿಭೆಗೆ ನೀವು ಏನಾದರೂ ಮಾಡಬೇಕು ಎಂದು ಜನ ತಾಯಿಗೆ ಹೇಳುತ್ತಾರೆ. ಹಣವಿಲ್ಲ, ದಾರಿ ತಿಳಿಯದು, ಏನು ಮಾಡಲಿ ಎಂಬುದು ಅವಳ ಅಳಲು. ಪ್ರತಿಭೆ ಅರಳಿದಷ್ಟೇ ಸಲ ಒಳಗೇ ಗಂಟುಕಟ್ಟಿಕೊಂಡೂ ಇದೆ. ಕೊನೆಯಲ್ಲಿ ತಾಯಿ ಬೇಡುವುದು ದೊಡ್ಡದೇನನ್ನೂ ಅಲ್ಲ. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಬಿದ್ದ ಬಟ್ಟೆಯ ಹಾಗೆ ತಾನು ಅಸಹಾಯಕಳಲ್ಲ ಎಂಬುದಷ್ಟು ಆ ಹುಡುಗಿಗೆ ತಿಳಿದರೆ ಸಾಕು ಅವಳಿಗೆ.

ಈ ಕತೆಯ ಕಟ್ಟಡವನ್ನು ಗಮನಿಸಬೇಕು. ತಾಯಿಯ ಯೋಚನೆ ಒಂದು ಕಡೆ ಹರಿಯುತ್ತಿರುವಾಗಲೇ ಕೂಸು ಅಳುತ್ತದೆ. ಅವಳು ಹೋಗಿ ಒದ್ದೆ ಬಟ್ಟೆ ಬದಲಿಸಿ, ಮಗುವನ್ನು ಎತ್ತಿಕೊಂಡು ಸಂತೈಸುತ್ತಾಳೆ. ಮತ್ತೆ ಯೋಚನೆಯ ಎಳೆ ಹಿಡಿಯುತ್ತಾಳೆ. ಅಷ್ಟರಲ್ಲಿ ಮಗಳು ಮಹಡಿ ಹತ್ತಿ ಬಂದಳು, ಎಳೆ ಮತ್ತೆ ತುಂಡಾಯಿತು. ಇಸ್ತ್ರಿ ಮಾತ್ರ ಹಿಂದಕ್ಕೂ ಮುಂದಕ್ಕೂ ಓಡುತ್ತಲೇ ಇದೆ. ಇದು ಬರೀ ತಂತ್ರವಲ್ಲ ಎಂದು ನನ್ನ ಅನಿಸಿಕೆ. ಇಪ್ಪತ್ತು ವರ್ಷ ಯಾವ ತುಂಡು ಬದುಕು ಓಲ್ಸನ್ ಅವರಿಂದ ಬರವಣಿಗೆಯನ್ನು ಕಸಿದುಕೊಂಡಿತೋ, ಅದೇ ತುಂಡುಗಳ ಲಯದಲ್ಲಿ ಅವರು ಬರೆದರು. ಅಂದರೆ 1930ರ ದಶಕದಲ್ಲಿ ಬಿಟ್ಟ ಜಾಗಕ್ಕೆ ಅವರು ಮರಳಲೇ ಇಲ್ಲ. ಇಪ್ಪತ್ತರ ಹುಡುಗಿಗೆ ಈ ಕತೆ ಬರೆಯಲು ಬರುತ್ತಿರಲಿಲ್ಲ. ಆದರೆ ಆ ಹುಡುಗಿ ಬರೆಯಬಹುದಾಗಿದ್ದುದನ್ನು ಈ ನಡುವಯಸ್ಸಿನ ಹೆಂಗಸು ಬರೆಯಲೂ ಆಗಲಿಲ್ಲ.

'ಒಂದು ಒಗಟು ಹೇಳು' ಇನ್ನೂ ದೊಡ್ಡ ಕತೆ, ಇನ್ನೂ ಗಟ್ಟಿಯಾದದ್ದು. ಈವಾ, ಡೇವಿಡ್ ಎಂಬ ಮುದುಕ ಮುದುಕಿ ನಲವತ್ತೇಳು ವರ್ಷ ಸಂಸಾರ ಮಾಡಿದವರು. ಮನೆ ಮಾರಿ ತನ್ನ ಸಂಘದವರು ನಡೆಸುವ ವೃದ್ಧರ ವಸತಿಗೆ ಹೋಗೋಣ, ಅಲ್ಲಿ ಸಂಗಾತಿಗಳಿರುತ್ತಾರೆ, ಮನೆಗೆಲಸದ ಗೋಜಿಲ್ಲ ಎನ್ನುತ್ತಾನೆ ಅವನು. ಅವಳು ಒಪ್ಪುವುದಿಲ್ಲ. ಜೀವಮಾನವಿಡೀ ಬೇರೆಯವರ ಹೊತ್ತುಗೊತ್ತಿಗೆ ಹೆಜ್ಜೆ ಹಾಕಿದವಳಿಗೆ ಈಗ ಖಾಲಿ ಮನೆ ಸಿಕ್ಕಿದೆ. ಆ ಮೌನ ಅವಳಿಗೆ ಬೇಕು. ಗಂಡ ಮಾತು ಬೆಳೆಸಿದರೆ ಕಿವಿಯ ಯಂತ್ರ ಬಂದ್ ಮಾಡಿ ಕೂರುತ್ತಾಳೆ! ಈ ಈವಾ ಯೌವನದಲ್ಲಿ ರಷ್ಯದ 1905ರ ಕ್ರಾಂತಿಯಲ್ಲಿ ಭಾಷಣ ಮಾಡಿದವಳು. ಮದುವೆಯಾದ ಮೇಲೆ ರಾತ್ರಿ ಕೂಸಿಗೆ ಹಾಲೂಡಿಸಿ ಪುಸ್ತಕ ಹಿಡಿದು ಕುಳಿತರೆ, ಸಭೆ ಮುಗಿಸಿ ಬಂದ ಗಂಡ ರಮಿಸಿ ಪುಸ್ತಕ ಬದಿಗಿಡಿಸುತ್ತಿದ್ದ. ಅವನು ಕೆಟ್ಟವನಲ್ಲ, ಅದೇ ಇಲ್ಲಿಯ ಕಷ್ಟ. ಈಗ ಮೊಮ್ಮಕ್ಕಳು ಒಗಟು ಹೇಳಜ್ಜಿ ಎಂದರೆ ಅವಳಿಗೆ ಒಗಟು ಬರುವುದಿಲ್ಲ. ಹೊಸದಾಗಿ ಹುಟ್ಟಿದ ಮೊಮ್ಮಗುವನ್ನು ಎತ್ತಿಕೊಳ್ಳಲೂ ಆಗುವುದಿಲ್ಲ. ಅವಳಿಗೆ ಕ್ಯಾನ್ಸರ್ ಇದೆ, ಅದನ್ನು ಯಾರೂ ಅವಳಿಗೆ ಹೇಳಿಲ್ಲ. ಸಾಯುವ ದಿನಗಳಲ್ಲಿ, ಅಷ್ಟು ವರ್ಷ ಬಾಯಿಗೆ ಬಾರದೆ ಒಳಗೆ ಕೂತಿದ್ದ ಹಳೆಯ ಹಾಡು, ಓದಿದ ಸಾಲು, ಭಾಷಣದ ತುಣುಕು ಎಲ್ಲ ಚೂರುಚೂರಾಗಿ ಹೊರಬರುತ್ತವೆ. ಮಗ್ಗುಲಲ್ಲಿ ಕುಳಿತ ಗಂಡ ಆಗ ಕೇಳಿಸಿಕೊಳ್ಳುತ್ತಾನೆ.

ಈವಾ ಸಾಹಿತಿಯಲ್ಲ, ನಿಜ. ಆದರೆ ಇದೂ ಮರಳುವಿಕೆಯ ಕತೆಯೇ. ಮರಳುವ ಹೊತ್ತಿಗೆ ತೀರಾ ತಡವಾಗಿದ್ದವಳ ಕತೆ. ಬರೆಯಲು ಮರಳಿ ಬಂದವಳು ಬರಲಾಗದವಳನ್ನು ಮರೆಯದೆ ಬರೆದಿದ್ದಾಳೆ. ಇದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಇನ್ನು ಆ ಅರ್ಧಕ್ಕೆ ನಿಂತ ಕಾದಂಬರಿ ಏನಾಯಿತು? 1970ರ ದಶಕದ ಆರಂಭದಲ್ಲಿ ಗಂಡ ಜಾಕ್ ಬೇರೇನೋ ಹಸ್ತಪ್ರತಿ ಹುಡುಕುವಾಗ ಆ ಹಳೆಯ ಹಾಳೆಗಳು ಸಿಕ್ಕಿದವು. ಹರಿದ ತುಂಡುಗಳು, ಒಂದೇ ದೃಶ್ಯದ ಹಲವು ಕರಡುಗಳು. ಅರವತ್ತರ ಹೊಸ್ತಿಲಲ್ಲಿದ್ದ ಓಲ್ಸನ್ ಅವನ್ನು ಜೋಡಿಸಿ 1974ರಲ್ಲಿ 'ಯೊನೊಂಡಿಯೊ' ಎಂಬ ಹೆಸರಿನಲ್ಲಿ ಹೊರತಂದರು. ಗಣಿಯ ಊರಿನಿಂದ ಹೊಲಕ್ಕೆ, ಹೊಲದಿಂದ ಕಸಾಯಿಖಾನೆಯ ನಗರಕ್ಕೆ ಹೊಟ್ಟೆಪಾಡಿಗಾಗಿ ಅಲೆಯುವ ಹೋಲ್‌ಬ್ರೂಕ್ ಕುಟುಂಬದ ಕತೆ ಅದು. ಆ ಜೋಡಣೆಯಲ್ಲಿ ಅವರು ಒಂದು ವ್ರತ ಹಿಡಿದರು. ಹೊಸದಾಗಿ ಏನನ್ನೂ ಬರೆಯಕೂಡದು, ಅಂದಿನ ಹುಡುಗಿ ಬರೆದದ್ದನ್ನು ಆರಿಸಿ ಹೊಂದಿಸುವುದು ಮಾತ್ರ. ಹಾಗಾಗಿ ಕಾದಂಬರಿಗೆ ಮುಕ್ತಾಯವಿಲ್ಲ. ಬೇಕೆಂದಿದ್ದರೆ ಮುಗಿಸಿಕೊಡುವಷ್ಟು ಕಸುಬು ಅವರ ಕೈಯಲ್ಲಿತ್ತು. ಮುಗಿಸಲಿಲ್ಲ. ನಮ್ಮಲ್ಲಿ ಎಷ್ಟೋ ಜನ ಹಳೆಯ ಬರಹವನ್ನು ಸಿಂಗರಿಸಿ ಹೊಸದೆಂಬಂತೆ ತರುವುದುಂಟು. ಇವರು ಗಾಯವನ್ನು ಗಾಯವಾಗಿಯೇ ತೋರಿಸಿದರು. ವಿಮರ್ಶಕರು ಅದನ್ನು ದೋಷವೆನ್ನಬಹುದು. ನನಗಂತೂ ಅದು ಪ್ರಾಮಾಣಿಕತೆ.

1978ರಲ್ಲಿ ಬಂದ 'ಸೈಲೆನ್ಸಸ್', ಅಂದರೆ 'ಮೌನಗಳು', ಇದನ್ನೆಲ್ಲ ವಿಚಾರದ ಮಟ್ಟದಲ್ಲಿ ನೋಡುವ ಪುಸ್ತಕ. ಮೌನದಲ್ಲಿ ಎರಡು ಬಗೆಯೆನ್ನುತ್ತಾರೆ ಓಲ್ಸನ್. ಒಂದು ಸಹಜ ಮೌನ, ಬೆಳೆ ತೆಗೆದ ಹೊಲ ಪಾಳು ಬಿದ್ದು ಸತ್ವ ತುಂಬಿಕೊಳ್ಳುವಂಥದ್ದು. ಇನ್ನೊಂದು, ಹುಟ್ಟಬೇಕೆಂದು ತುಡಿಯುವುದನ್ನು ಹುಟ್ಟಗೊಡದ ಮೌನ. ಎರಡನೆಯದು ಹೆಂಗಸರಿಗಷ್ಟೇ ಎಂದೂ ಅವರು ಹೇಳುವುದಿಲ್ಲ. ಥಾಮಸ್ ಹಾರ್ಡಿ, ಹರ್ಮನ್ ಮೆಲ್ವಿಲ್ ಅಂಥವರ ಮೌನವನ್ನೂ ಚರ್ಚಿಸುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದ ಹೆಸರಾಂತ ಲೇಖಕಿಯರಲ್ಲಿ ಬಹುಪಾಲು ಜನ ಮದುವೆಯಾಗದವರು ಇಲ್ಲವೇ ತಡವಾಗಿ ಆದವರು, ಮಕ್ಕಳಿದ್ದವರು ತೀರಾ ಕಡಿಮೆ ಎಂದು ಅವರು ತೋರಿಸಿದಾಗ ಜೇನ್ ಆಸ್ಟಿನ್, ಎಮಿಲಿ ಡಿಕಿನ್ಸನ್ ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಹೆಸರುಗಳು ಬೇರೆಯೇ ಬೆಳಕಿನಲ್ಲಿ ಕಂಡವು. ತಮ್ಮ ಕಾಲದ ಪಠ್ಯಗಳಲ್ಲೂ ಸಂಕಲನಗಳಲ್ಲೂ ಹನ್ನೆರಡು ಜನರಲ್ಲಿ ಒಬ್ಬಳು ಮಾತ್ರ ಹೆಂಗಸು ಎಂಬ ಲೆಕ್ಕವನ್ನು 1971ರ ಭಾಷಣವೊಂದರಲ್ಲೇ ಅವರು ಮುಂದಿಟ್ಟಿದ್ದರು.

ಈ ಪುಸ್ತಕ ಸಲೀಸಾಗಿ ಓದಿಸಿಕೊಳ್ಳುವುದಿಲ್ಲ ಎಂಬುದನ್ನೂ ಹೇಳಬೇಕು. ಮೊದಲ ಭಾಗದ ಭಾಷಣಗಳು ತಿಳಿಯಾಗಿವೆ. ಆಮೇಲೆ ಬರುವುದು ಉದ್ಧರಣೆ, ಟಿಪ್ಪಣಿ, ಅಂಚಿನ ಮಾತುಗಳ ರಾಶಿ. ಅವನ್ನು ಒಂದು ವಾದವಾಗಿ ಹೆಣೆದಿದ್ದರೆ ಚೆನ್ನಿತ್ತು. ಓಲ್ಸನ್ ಅವರನ್ನು ಕುರಿತ ಇನ್ನೊಂದು ಆಕ್ಷೇಪವನ್ನೂ ಮುಚ್ಚಿಡಬಾರದು. ಖ್ಯಾತಿ, ಅನುದಾನ, ಬಿಡುವು ಎಲ್ಲ ಬಂದ ಮೇಲೂ ಅವರು ಹೆಚ್ಚು ಬರೆಯಲಿಲ್ಲ. 1970ರಲ್ಲಿ ಪ್ರಕಟವಾದ 'ರೆಕ್ವಾ' ಎಂಬ ಕತೆಯೂ ಪೂರ್ತಿಯಾಗಲಿಲ್ಲ. 2007ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಹೊಸ ಕಾದಂಬರಿ ಬರಲಿಲ್ಲ. 2010ರಲ್ಲಿ ಬಂದ ಪ್ಯಾಂಥಿಯಾ ರೀಡ್ ಅವರ ಜೀವನಚರಿತ್ರೆಯಂತೂ ಓಲ್ಸನ್ ತಮ್ಮ ಬಗ್ಗೆ ಹೇಳಿಕೊಂಡದ್ದನ್ನೆಲ್ಲ ಹಾಗೆಯೇ ನಂಬುವುದಿಲ್ಲ. ಹಾಗಾದರೆ ಮಕ್ಕಳು, ನೌಕರಿ ಎಂಬುದು ಬರೀ ನೆಪವೇ?

ಈ ಪ್ರಶ್ನೆ ಬಂದಾಗ ನನಗೆ ನಮ್ಮ ಎಂ.ಕೆ. ಇಂದಿರಾ ನೆನಪಾದರು. 1917ರಲ್ಲಿ ಹುಟ್ಟಿದ ಅವರ 'ತುಂಗಭದ್ರ' ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ಆಮೇಲೆ ಸಾಲುಸಾಲಾಗಿ ಕಾದಂಬರಿಗಳು ಬಂದವು, 1976ರಲ್ಲಿ 'ಫಣಿಯಮ್ಮ'ನೂ ಬಂದಳು. ಅವರಿಗೆ ಸಾಧ್ಯವಾದದ್ದು ಇವರಿಗೇಕೆ ಆಗಲಿಲ್ಲ? ಬಹಳ ಯೋಚಿಸಿದ ಮೇಲೆ ನನಗೆ ತೋಚಿದ್ದು ಇಷ್ಟು: ತಡವಾಗಿ ಆರಂಭಿಸುವುದು ಬೇರೆ, ನಿಂತುಹೋದದ್ದಕ್ಕೆ ಮರಳುವುದು ಬೇರೆ. ತಡವಾಗಿ ಆರಂಭಿಸಿದವಳಿಗೆ ತುಂಬಿದ ಕಣಜವಿರುತ್ತದೆ, ಅಳೆದು ಕೊಟ್ಟರಾಯಿತು. ಮರಳಿ ಬಂದವಳ ಎದುರಿಗೆ ಅಂದು ಮೆಚ್ಚುಗೆ ಪಡೆದು, ಅರ್ಧಕ್ಕೆ ಎದ್ದುಹೋದ ಒಬ್ಬ ಹುಡುಗಿ ಕೂತಿರುತ್ತಾಳೆ. ಪ್ರತಿ ಸಾಲಿಗೂ ಅವಳು ಲೆಕ್ಕ ಕೇಳುತ್ತಾಳೆ. ಆ ಲೆಕ್ಕ ಒಪ್ಪಿಸುವುದರಲ್ಲೇ ಓಲ್ಸನ್ ಅವರ ಉಳಿದ ಆಯುಷ್ಯ ಬಹಳಷ್ಟು ಖರ್ಚಾಯಿತೋ ಏನೋ. ಅದರಲ್ಲಿ ಅವರ ಸ್ವಭಾವದ ಪಾಲೂ ಇದ್ದಿರಬಹುದು, ಇರಲಿ. ಸ್ವಭಾವವನ್ನೂ ಆ ಇಪ್ಪತ್ತು ವರ್ಷಗಳು ಮುಟ್ಟದೆ ಬಿಟ್ಟಿರಲಾರವು.

ಆದ್ದರಿಂದ ತಡವಾಗಿಯಾದರೂ ಮರಳಿ ಬಂದ ಹೆಂಗಸನ್ನು ನಾವು ಹೊಗಳುವಾಗ ತುಸು ಎಚ್ಚರ ಬೇಕು. ಆ ಹೊಗಳಿಕೆಯಲ್ಲಿ ಕಳೆದ ವರ್ಷಗಳ ಲೆಕ್ಕ ಚುಕ್ತಾ ಆಯಿತೆಂಬ ಧ್ವನಿ ಇರುತ್ತದೆ. ಓಲ್ಸನ್ ಅವರ ನಾಲ್ಕು ಕತೆಗಳು ಮೊದಲ ದರ್ಜೆಯವು. ಆದರೆ ಅವು ನಾಲ್ಕೇ ಎಂಬುದನ್ನೂ ಜೊತೆಗೆ ಓದಿಕೊಳ್ಳಬೇಕು. ಬಂದ ಪುಸ್ತಕವನ್ನು ಮೆಚ್ಚುತ್ತ ಬಾರದ ಪುಸ್ತಕಗಳನ್ನು ನೆನೆಯುವುದನ್ನು ಅವರೇ ನಮಗೆ ಕಲಿಸಿದ್ದಾರೆ.

ಇಸ್ತ್ರಿಯ ಕತೆಯನ್ನು ನಾನು ಆ ಸಹೋದ್ಯೋಗಿಯ ಮನೆಗೆ ಹೋಗಿ, ತಿಳಿದ ಮಟ್ಟಿಗೆ ಕನ್ನಡದಲ್ಲಿ ಹೇಳುತ್ತ ಓದಿದೆ. ಅವರು ಹುರುಳಿಕಾಯಿ ಸೋಸುತ್ತ ಕೇಳಿದರು. ವೀಣೆಯ ಗವಸು ತೆಗೆದಿತ್ತು, ಹೊಸ ತಂತಿ ಹಾಕಿಸಿದ್ದರು. "ಹಳೇ ಕೃತಿ ಒಂದೂ ಬರ್ತಿಲ್ಲ ಕಣ್ರೀ, ಬೆರಳು ಏಳಲ್ಲ. ಸುಮ್ನೆ ಒಂದೊಂದೇ ಸ್ವರ ಮೀಟಿ ಅದು ಎಷ್ಟು ಹೊತ್ತು ನಿಲ್ಲುತ್ತೆ ಅಂತ ಕೇಳ್ತೀನಿ. ಮೊದಲು ಇಷ್ಟು ಕೇಳ್ತಾನೇ ಇರಲಿಲ್ಲ" ಎಂದರು.

ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ 'ಯೊನೊಂಡಿಯೊ'ದ ಕೊನೆಯ ಪುಟಗಳು ನೆನಪಾದವು. ಸುಡುವ ಬೇಸಿಗೆ, ತಾಯಿ ಒಲೆಯ ಮುಂದೆ ಬೆವರುತ್ತಿದ್ದಾಳೆ. ಕೂಸು ಬೆಸ್‌ಗೆ ಒಂದು ಜಾಡಿಯ ಮುಚ್ಚಳ ಸಿಕ್ಕಿದೆ. ಅದು ಕೈಜಾರಿ ಬಿದ್ದು ಸದ್ದಾಗುತ್ತದೆ. ಎತ್ತಿ ಮತ್ತೆ ಕುಟ್ಟುತ್ತದೆ, ಮತ್ತೆ ಸದ್ದು. ಸದ್ದು ಮಾಡುತ್ತಿರುವುದು ತಾನೇ ಎಂದು ಕೂಸಿಗೆ ತಿಳಿದುಬಿಡುತ್ತದೆ, ಅದರ ಕೇಕೆಗೆ ಮನೆಮಂದಿಯೆಲ್ಲ ನಗುತ್ತಾರೆ. ಇದನ್ನು ಬರೆದ ಹುಡುಗಿ ಅಷ್ಟರಲ್ಲೇ ಲೇಖನಿ ಕೆಳಗಿಟ್ಟಿದ್ದಳು. ನಾಳೆ ಶಾಲೆಯಲ್ಲಿ ಆ ಎಂಟನೆಯ ತರಗತಿಯವಳನ್ನು ಹುಡುಕಬೇಕು ಎಂದುಕೊಂಡೆ. ಅವಳೀಗ ಹತ್ತನೆಯ ತರಗತಿಯಲ್ಲಿದ್ದಾಳೆ. ಚಿತ್ರ ಬಿಡಿಸುತ್ತಾಳೋ, ಬಿಟ್ಟಿದ್ದಾಳೋ ಗೊತ್ತಿಲ್ಲ.